ಪಂಚಮಿ ವಾರದ ಇಪ್ಪತ್ಮೂರು ಟೈರುಗಳು

ಜುಲೈ 21, 2025, ಸೋಮವಾರ

ದಿನಾ ಏನೇನು ತಿಂದಿರಿ ಬರೆದಿಡಿ, ತಿಂಗಳಿಗೊಮ್ಮೆ ತಂದು ತೋರಿಸಿ ಎಂದು ಸಕ್ಕರೆ ಡಾಕ್ಟರು ಹೇಳಿದ್ದಾರೆ. ಗೊಬ್ಬರದ ಅಂಗಡಿಯವರು ಹಂಚಿದ್ದ ಈ ಡೈರಿ ಖಾಲಿ ಬಿದ್ದಿತ್ತು. ಹೆಂಡತಿ ನಿರ್ಮಲಾ ಅದನ್ನು ಒರೆಸಿ ನನ್ನ ಮುಂದಿಟ್ಟಳು.

ಬೆಳಗ್ಗೆ ಎರಡು ರೊಟ್ಟಿ, ಹೆಸರುಕಾಳು ಪಲ್ಯ. ಮಧ್ಯಾಹ್ನ ರೊಟ್ಟಿ, ಮುಳಗಾಯಿ ಪಲ್ಯ, ಒಂದು ಹಿಡಿ ಅನ್ನ. ಸಂಜೆ ಒಂದು ಪ್ಲೇಟ್ ಮಂಡಕ್ಕಿ, ಮೂರು ಮಿರ್ಚಿ.

ಕೊನೆಯ ಸಾಲು ಬರೆದ ಮೇಲೆ ಇದನ್ನು ಡಾಕ್ಟರಿಗೆ ತೋರಿಸುವಂತಿಲ್ಲ ಎಂದು ಗೊತ್ತಾಯಿತು. ಅವರಿಗೆ ಬೇರೆ ನೋಟ್‌ಬುಕ್ ಮಾಡಿಕೊಡುತ್ತೇನೆ. ಇದು ನನಗೇ ಇರಲಿ.

ಇವತ್ತು ಹದಿನಾರು ಟೈರು ಬಡಿದೆ. ಹನ್ನೆರಡು ಪಾಸು, ನಾಲ್ಕು ಫೇಲು. ಮೂವತ್ನಾಲ್ಕು ವರ್ಷದಿಂದ ಇದೇ ಕೆಲಸ. ಸವೆದ ಲಾರಿ ಟೈರುಗಳು ನಮ್ಮ ರೀಬಟನ್ ಅಂಗಡಿಗೆ ಬರುತ್ತವೆ. ಅವುಗಳಿಗೆ ಹೊಸ ರಬ್ಬರ್ ಹಚ್ಚಿ ಬೇಯಿಸುವ ಮೊದಲು ಹಳೆಯ ಮೈ ಗಟ್ಟಿ ಇದೆಯೋ ಇಲ್ಲವೋ ಯಾರಾದರೂ ಹೇಳಬೇಕು. ಹೇಳುವವನು ನಾನು. ಸುತ್ತಲೂ ಸುತ್ತಿಗೆಯಿಂದ ಬಡಿಯುತ್ತಾ ಹೋದರೆ ಗಟ್ಟಿ ಟೈರು ಟಣ್ ಟಣ್ ಎನ್ನುತ್ತದೆ. ಒಳಗೆ ಪದರ ಬಿಟ್ಟಿದ್ದರೆ ಆ ಜಾಗದಲ್ಲಿ ಡಬ್ ಎಂದು ಕೂತುಬಿಡುತ್ತದೆ. ಪಾಸಾದದ್ದಕ್ಕೆ ಸೀಮೆಸುಣ್ಣದಲ್ಲಿ ಒಂದು ಗೀರು ಎಳೆಯುತ್ತೇನೆ. ದೊಡ್ಡ ಕಂಪನಿಗಳಲ್ಲಿ ಇದಕ್ಕೆ ಮಿಷಿನ್ ಇಟ್ಟಿದ್ದಾರಂತೆ. ನಮ್ಮಲ್ಲಿ ಮಿಷಿನ್ನು ಬಕ್ಕೇಶಪ್ಪ, ಅಂದರೆ ನಾನೇ.

ಜುಲೈ 24, ಗುರುವಾರ

ಚಪಾತಿ, ಬೇಳೆ ಪಲ್ಯ. ಮಿರ್ಚಿ ಇಲ್ಲ. ಸುಳ್ಳಲ್ಲ.

ಈಚೆಗೆ ಜನಕ್ಕೆ ಬಾಯಿಬಿಟ್ಟು ಮಾತಾಡುವುದೇ ಮರೆತುಹೋಗಿದೆ. ಅಂಗಡಿ ಮಾಲೀಕ ಕೊಟ್ಟೂರೇಶ್ ಮೊಬೈಲ್ ನೋಡುತ್ತಾ ಏನೋ ಗೊಣಗುತ್ತಾನೆ, ಅದು ನನಗೆ ಹೇಳಿದ್ದೋ ಮೊಬೈಲಿಗೆ ಹೇಳಿದ್ದೋ ತಿಳಿಯುವುದಿಲ್ಲ. ಅವರಪ್ಪ ದೊಡ್ಡ ಸಾಹುಕಾರರು ಗೇಟಿನಲ್ಲಿ ಕೆಮ್ಮಿದರೆ ಒಳಗೆ ಟೈರು ಬೇಯಿಸುವ ಚೇಂಬರಿನ ಹತ್ತಿರ ನಾನು ನೆಟ್ಟಗೆ ನಿಲ್ಲುತ್ತಿದ್ದೆ.

ಅಂಗಡಿಯಲ್ಲಿ ಸಂಸ್ಕಾರ ಇರುವವಳು ದುರ್ಗಾ ಒಬ್ಬಳೇ. ನಾನು ಗೀರು ಎಳೆದ ಟೈರನ್ನು ಉಜ್ಜಿದ ಮೇಲೆ ಅದಕ್ಕೆ ಸೊಲ್ಯೂಶನ್ ಹಚ್ಚಿ ರಬ್ಬರ್ ಪಟ್ಟಿ ಕೂರಿಸುವುದು ಅವಳ ಕೆಲಸ. ಹನ್ನೊಂದು ವರ್ಷದ ಹಿಂದೆ ಗಂಡ ತೀರಿಕೊಂಡಾಗ ನಾನೇ ಸೇರಿಸಿದ್ದು. ಏನಾದರೂ ಹೇಳುವುದಿದ್ದರೆ ಕೈಕೆಲಸ ಬಿಟ್ಟು, ಎದುರಿಗೆ ಬಂದು ನಿಂತು, ಮುಖ ನೋಡಿ ಮಾತಾಡುತ್ತಾಳೆ. ಹಿರಿಯರ ಜೊತೆ ಹಾಗೆ ಮಾತಾಡಬೇಕು.

ಪಕ್ಕದ ಮನೆಯವರು ನಮ್ಮ ಟಿವಿ ಸದ್ದು ಜಾಸ್ತಿ ಎಂದು ನಿರ್ಮಲಾಗೆ ಹೇಳಿದರಂತೆ. ಅವರ ಟಿವಿ ಕೆಟ್ಟು ಎರಡು ತಿಂಗಳಾಯಿತು, ಅದರ ಹೊಟ್ಟೆಯುರಿ.

ಈ ಮಳೆಗಾಲ ಜೀರುಂಡೆಯೇ ಇಲ್ಲ. ಔಷಧಿ ಹೊಡೆದು ಹೊಡೆದು ಎಲ್ಲಾ ಸತ್ತಿರಬೇಕು.

ಜುಲೈ 28, ಸೋಮವಾರ

ದುರ್ಗಾ ಪಂಚಮಿಗೆ ತವರು ಕೊಂಡಜ್ಜಿಗೆ ಹೋದಳು. ಶನಿವಾರದ ತನಕ ರಜೆ. ಹೋಗುವ ಮೊದಲು ಎದುರಿಗೆ ಬಂದು ನಿಂತು, "ದೊಡ್ಡಪ್ಪ, ನಾ ಬರೋಗಂಟ ಅವಸರ ಮಾಡಬ್ಯಾಡ್ರಿ. ಅನುಮಾನ ಬಂದದ್ದು ಬದಿಗಿಡ್ರಿ, ಬಂದು ನೋಡಾನ" ಎಂದಳು. ನನಗೆ ಅನುಮಾನ ಬಂದರೆ ಇವಳು ಬಂದು ಏನು ನೋಡುತ್ತಾಳೆ? ಆದರೂ ತಲೆಯಾಡಿಸಿದೆ.

ನಿರ್ಮಲಾ ದೇವಸ್ಥಾನಕ್ಕೆ ಹೋಗುವಾಗ ಕುಕ್ಕರ್ ನೋಡಿಕೊಳ್ಳಿ, ನಾಲ್ಕು ಸೀಟಿ ಎಂದಿದ್ದಳು. ಒಂದೂ ಆಗಲಿಲ್ಲ. ವಾಸನೆ ಬಂದ ಮೇಲೆ ಎದ್ದು ನೋಡಿದರೆ ಬೇಳೆ ಇದ್ದಿಲಾಗಿತ್ತು. ಕುಕ್ಕರಿನ ಸೀಟಿ ಹಳೆಯದಾಗಿದೆ, ಹೊಸದು ತರಬೇಕು ಎಂದೆ. ಅವಳು ನನ್ನನ್ನೇ ಸ್ವಲ್ಪ ಹೊತ್ತು ನೋಡಿ ಪಾತ್ರೆ ತಿಕ್ಕಲು ಕೂತಳು.

ಜುಲೈ 30, ಬುಧವಾರ

ನಿನ್ನೆ ಹಬ್ಬ. ಶೇಂಗಾ ಉಂಡಿ ಎರಡು. ನಾಗಪ್ಪನಿಗೆ ಹಾಲೆರೆದ ಕೈಯಿಂದ ನಿರ್ಮಲಾ ಕೊಟ್ಟದ್ದನ್ನು ಬೇಡ ಎನ್ನಲಾಗುತ್ತದೆಯೇ?

ಇವತ್ತು ಸಿಟ್ಟು ಬಂತು. ಬೆಳಗ್ಗೆ ಸಾರಥಿ ಊರಿನ ಹನುಮಂತಪ್ಪ ಬಂದಿದ್ದ. ಸ್ವಂತ ಲಾರಿ, ತಾನೇ ಡ್ರೈವರ್, ಇಪ್ಪತ್ತು ವರ್ಷದ ಗಿರಾಕಿ. "ಬಕ್ಕೇಶಣ್ಣ, ನನ್ನ ಟೈರು ಕೊಟ್ಟು ಹತ್ತು ದಿನ ಆತು, ಇನ್ನೂ ಆಗಿಲ್ಲೇನು?" ಎಂದ. ಹುಡುಕಿದರೆ ಅದು ಹಿಂದಿನ ಗೋಡೆಯ ಫೇಲ್ ರಾಶಿಯಲ್ಲಿ ಬಿದ್ದಿದೆ! ಮೇಲೆ ನನ್ನ ಗೀರು ಸ್ಪಷ್ಟವಾಗಿದೆ. ಹತ್ತಿರ ಹೋಗಿ ನೋಡಿದರೆ ನನ್ನ ಗೀರಿದ್ದ ಟೈರು ಇನ್ನೂ ಮೂರು. ನಾನು ಪಾಸು ಮಾಡಿದ್ದನ್ನು ಫೇಲಿಗೆ ಎಸೆಯಲು ಯಾರಿಗೆ ಬಂತು ಧೈರ್ಯ?

ಕೊಟ್ಟೂರೇಶನನ್ನು ಕೇಳಿದರೆ, "ಉಜ್ಜುವಾಗ ಏನಾರ ಕಂಡಿರಬೇಕು, ದುರ್ಗಾ ಇಟ್ಟಾಳ" ಎಂದ. ಅವಳಿಗೇನು ಗೊತ್ತು ಪಾಪ, ಯಾವುದೋ ರಾಶಿ ಯಾವುದಕ್ಕೋ ಸೇರಿಸಿರಬೇಕು. ನಾಲ್ಕನ್ನೂ ಮತ್ತೆ ಬಡಿದೆ. ಟಣ್ ಟಣ್. ಹನುಮಂತಪ್ಪನ ಎದುರಿಗೇ ಎರಡನೇ ಗೀರು ಎಳೆದು ಸಾಲಿಗೆ ಹಾಕಿಸಿದೆ. ಅವನು ಕೈಮುಗಿದು, "ಇಷ್ಟು ಸಾಕಣ್ಣ" ಎಂದು ನಗುತ್ತಾ ಹೋದ.

ಆಗಸ್ಟ್ 2, ಶನಿವಾರ

ಅವಳಿಲ್ಲದಿದ್ದರೂ ಕೆಲಸ ನಿಲ್ಲಲಿಲ್ಲ. ಈ ವಾರ ಚೇಂಬರಿನಿಂದ ಇಪ್ಪತ್ಮೂರು ಟೈರು ಹೊರಬಂದವು. ಅಂಗಡಿ ನಂಬರ್ 4112ರಿಂದ 4134ರ ತನಕ ಕಾಸಿದ ಅಚ್ಚಿನಿಂದ ಟೈರಿನ ಪಕ್ಕಕ್ಕೆ ಒತ್ತಿದೆವು. ಹನುಮಂತಪ್ಪನದು 4118.

ಕೈ ನೋಯುತ್ತಿದೆ. ಅರವತ್ತೊಂದಾಯಿತು. ಹದಡಿಯಿಂದ ಸೈಕಲ್ ತುಳಿದುಕೊಂಡು ಮೊದಲ ದಿನ ಕೆಲಸಕ್ಕೆ ಬಂದವನು ಯಾರೋ ಬೇರೆಯವನಿರಬೇಕು ಅನಿಸುತ್ತದೆ.

ಆಗಸ್ಟ್ 4, ಸೋಮವಾರ

ದುರ್ಗಾ ಡಬ್ಬಿ ತುಂಬ ಎಳ್ಳುಂಡಿ ತಂದಿದ್ದಳು. ಕೊಟ್ಟು ನೇರ ಹಿಂದಿನ ಗೋಡೆಗೆ ಹೋದಳು. ವಾಪಸ್ ಬಂದು, "ಅಲ್ಲಿದ್ದ ನಾಕು ಟೈರು ಎಲ್ಲಿ, ದೊಡ್ಡಪ್ಪ?" ಎಂದಳು. ಆಗಲೇ ಗಿರಾಕಿಗಳು ಒಯ್ದರು ಎಂದೆ. ಮುಖ ಸಪ್ಪಗಾಯಿತು. ಹಬ್ಬದ ಓಡಾಟದ ಸುಸ್ತು. ಉಂಡಿ ಒಂದೇ ತಿಂದೆ.

ಆಗಸ್ಟ್ 21, ಗುರುವಾರ

ಬರೆಯುವಂಥದ್ದೇನಿಲ್ಲ. ರೊಟ್ಟಿ, ಟೈರು, ಮಳೆ, ನಿದ್ದೆ.

ಗುಬ್ಬಿಗಳೂ ಕಾಣೆಯಾಗಿವೆ ಎಂದರೆ ನಿರ್ಮಲಾ ಕಿಟಕಿಯ ಕಡೆ ಕೈ ತೋರಿಸಿದಳು. ಅಲ್ಲಿ ಎರಡು ಕೂತಿದ್ದವು, ಕೊಕ್ಕು ತೆರೆದು ಮುಚ್ಚುತ್ತಿದ್ದವು. ಅವಕ್ಕೂ ಗಂಟಲು ಕಟ್ಟಿರಬೇಕು.

ಸೆಪ್ಟೆಂಬರ್ 3, ಬುಧವಾರ

ಹನುಮಂತಪ್ಪನ ಲಾರಿ ಪಲ್ಟಿಯಾಗಿದೆ. ಹರಿಹರದ ಹೊರಗೆ, ಬೆಳಗ್ಗೆ ಹತ್ತಕ್ಕೆ. ಅಕ್ಕಿ ಲೋಡು. ಮುಂದಿನ ಎಡಗಾಲಿ ಸಿಡಿದು ಲಾರಿ ಎಳೆದುಕೊಂಡು ಹೋಗಿ ಕರೆಂಟು ಕಂಬಕ್ಕೆ ಬಡಿದು, ನಿಂತಿದ್ದ ಒಂದು ಆಟೋವನ್ನು ಚಪ್ಪಟೆ ಮಾಡಿ ಗದ್ದೆಗೆ ಉರುಳಿದೆ. ಆಟೋದವನು ಚಹಾ ಕುಡಿಯಲು ಇಳಿದಿದ್ದನಂತೆ. ಇನ್ನಷ್ಟು ಮುಂದೆ ಹೋಗಿದ್ದರೆ ತುಂಗಭದ್ರಾ ಸೇತುವೆ.

ಹನುಮಂತಪ್ಪನ ಬಲಗಾಲು ಎರಡು ಕಡೆ ಮುರಿದಿದೆ. ಸಿಡಿದದ್ದು ನಮ್ಮ 4118.

ಊಟ ಮಾಡಿದೆನೋ ಇಲ್ಲವೋ ನೆನಪಿಲ್ಲ.

ಸೆಪ್ಟೆಂಬರ್ 4, ಗುರುವಾರ

ಪೇಪರಿನಲ್ಲಿ ದಪ್ಪಕ್ಷರದಲ್ಲಿ ಬಂದಿದೆ: ರೀಬಟನ್ ಟೈರ್ ಸಿಡಿದು ಲಾರಿ ಪಲ್ಟಿ. ಚಹಾದಂಗಡಿಯಲ್ಲಿ ಎಲ್ಲರೂ ಒಂದೇ ದಿನದಲ್ಲಿ ಟೈರ್ ಪಂಡಿತರಾಗಿದ್ದಾರೆ. ಇಂಥ ಟೈರು ಬ್ಯಾನ್ ಮಾಡಬೇಕಂತೆ, ಇವೆಲ್ಲ ಕಳ್ಳದಂಧೆಯಂತೆ. ಹೇಳುವಾಗ ನನ್ನ ಕಡೆ ನೋಡುತ್ತಾರೆ, ನಾನು ನೋಡಿದರೆ ಲೋಟದೊಳಗೆ ನೋಡುತ್ತಾರೆ.

ಕಳ್ಳದಂಧೆಯಾದರೆ ಬೋರ್ಡ್ ಹಾಕಿಕೊಂಡು ಪಿ.ಬಿ. ರಸ್ತೆಯ ಮೇಲೆ ನಲವತ್ತು ವರ್ಷ ಕೂರುತ್ತಿದ್ದೆವೆಯೇ? ದೇಶದ ಲಾರಿಗಳ ಹಿಂದಿನ ಗಾಲಿಗಳು ಬಹುಪಾಲು ಇದರ ಮೇಲೇ ಓಡುತ್ತವೆ. ವಿಮಾನದ ಟೈರಿಗೂ ಹೀಗೇ ರಬ್ಬರ್ ಹಾಕಿಸುತ್ತಾರೆ. ರಸ್ತೆ ಬದಿಯಲ್ಲಿ ಬಿದ್ದ ಕರಿ ಪಟ್ಟಿಯೆಲ್ಲ ನಮ್ಮ ತಲೆಗೇ ಕಟ್ಟುತ್ತಾರೆ. ಗಾಳಿ ಕಡಿಮೆ ಬಿಟ್ಟು ಮಿತಿಮೀರಿ ಲೋಡ್ ಹಾಕಿದರೆ ಹೊಸ ಟೈರೂ ಚರ್ಮ ಸುಲಿಸಿಕೊಂಡು ಬೀಳುತ್ತದೆ. ಮೈ ಗಟ್ಟಿಯಿದ್ದ ಟೈರು, ಹಿಂದಿನ ಗಾಲಿ, ಸರಿಯಾದ ಗಾಳಿ. ಈ ಮೂರು ಇದ್ದರೆ ರೀಬಟನ್ನಿನಿಂದ ಯಾರೂ ಸಾಯುವುದಿಲ್ಲ.

ಈ ಹನುಮಂತಪ್ಪ ಹಾಕಿದ್ದು ಮುಂದಿನ ಗಾಲಿಗೆ! ಸ್ಟೇರಿಂಗ್ ತಿರುಗುವ ಗಾಲಿಗೆ ಇದನ್ನು ಹಾಕಬೇಡಿ ಎಂದು ಪ್ರತಿ ಗಿರಾಕಿಗೂ ಹೇಳುತ್ತೇವೆ, ಅಂಗಡಿ ಗೋಡೆಯ ಮೇಲೂ ಬರೆಸಿದ್ದೇವೆ. ತಾನು ತಪ್ಪು ಮಾಡಿ ಟೈರಿನ ಮೇಲೆ ಹಾಕಿದರೆ, ಕುಣಿಯಲಾರದವಳು ನೆಲ ಡೊಂಕು ಎಂದ ಹಾಗಾಯಿತು.

ಕೊಟ್ಟೂರೇಶ್ ಸಂಜೆ ಟೈಪ್ ಮಾಡಿಸಿದ ಒಂದು ಹಾಳೆ ತಂದ. "ಬಕ್ಕೇಶಪ್ಪಾರೆ, ಟೈರಿನ ಮೈ ಗಟ್ಟಿ ಇತ್ತು, ನಾನೇ ಬಡಿದು ನೋಡೀನಿ, ಮುಂದಿನ ಗಾಲಿಗೆ ಹಾಕಿದ್ದು ಡ್ರೈವರ್ ತಪ್ಪು ಅಂತ ಐತೆ ಇದರಾಗ. ಸೋಮವಾರ ಬ್ರೇಕ್ ಇನ್‌ಸ್ಪೆಕ್ಟರು ಲಾರಿ ನೋಡಾಕ ಬರ್ತಾರ. ಸೈನ್ ಮಾಡಿ ಕೊಟ್ಟುಬರ್ರಿ." ಎರಡು ಸಲ ಕೂಗಿ ಹೇಳಿದ. ಕೂಗುವುದು ಯಾಕೆ, ನಾನೇನು ಇಲ್ಲ ಎಂದೆನೇ? ಹಾಳೆ ಡೈರಿಯಲ್ಲಿಟ್ಟಿದ್ದೇನೆ. ಅದರಲ್ಲಿ ಸುಳ್ಳೇನೂ ಇಲ್ಲ.

ಸೆಪ್ಟೆಂಬರ್ 6, ಶನಿವಾರ

ಹರಿಹರದ ಆಸ್ಪತ್ರೆಗೆ ಹೋಗಿದ್ದೆ. ಹಣ್ಣು ಒಯ್ದಿದ್ದೆ, ಬೈಗುಳವನ್ನೂ ಒಯ್ದಿದ್ದೆ. ಮೊದಲು ಹೊರಬಂದದ್ದು ಬೈಗುಳವೇ. "ಮುಂದಿನ ಗಾಲಿಗೆ ಯಾಕ ಹಾಕ್ದೆ ನೀನು? ಇಪ್ಪತ್ತು ವರ್ಷದಾಗ ನಿನಗೆ ಎಷ್ಟು ಸಲ ಹೇಳೀನಿ?" ಎಂದೆ. ವಾರ್ಡಿನ ಜನರೆಲ್ಲ ತಿರುಗಿ ನೋಡಿದರು.

ಹನುಮಂತಪ್ಪ ಮೆಲ್ಲಗೆ ಏನೋ ಹೇಳಿದ. ಕೇಳಿಸಲಿಲ್ಲ. ಬಗ್ಗಿದೆ. ಅವನ ಹೆಂಡತಿ ಕೊಟ್ರವ್ವ ಅವನ ಮಾತನ್ನು ನನಗೆ ಮತ್ತೆ ಗಟ್ಟಿಯಾಗಿ ಹೇಳಿದಳು. "ಮುಂದಿಂದು ಹೊಸಾ ಟೈರಿಗೆ ಕಲ್ಲು ಬಡಿದು ಕಟ್ ಬಿದ್ದಿತ್ತಂತೆ. ಸ್ಟೆಪ್ನಿ ಮ್ಯಾಲೆ ನಂಬಿಕಿ ಇರಲಿಲ್ಲಂತೆ. ಬಕ್ಕೇಶಣ್ಣ ಎರಡು ಗೀರು ಎಳೆದ ಟೈರು ಐತೆ, ಹೊಸದಕ್ಕಿಂತ ಅದೇ ಗಟ್ಟಿ ಅಂತ ಹಿಂದಿನಿಂದ ಬಿಚ್ಚಿ ಮುಂದೆ ಹಾಕ್ಯಾರ."

ಎರಡು ಗೀರು. ಅವನೆದುರಿಗೆ ಸೊಕ್ಕಿನಿಂದ ಎಳೆದ ಎರಡನೆಯ ಗೀರು.

ಹಣ್ಣಿನ ಚೀಲ ಅಲ್ಲೇ ಇಟ್ಟು ಬಂದೆ. ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಕೇಳಿದ್ದು ನನಗೆ ಗೊತ್ತಾಗಲಿಲ್ಲ, ಅವನು ಭುಜ ತಟ್ಟಿದ.

ಸೆಪ್ಟೆಂಬರ್ 8, ಸೋಮವಾರ

ಹರಿಹರದ ಪೊಲೀಸ್ ಸ್ಟೇಷನ್ ಹಿಂದೆ ಲಾರಿಯನ್ನು ಎಳೆದು ತಂದು ನಿಲ್ಲಿಸಿದ್ದಾರೆ. ಹಾಳೆ ಜೇಬಿನಲ್ಲಿತ್ತು. ಬ್ರೇಕ್ ಇನ್‌ಸ್ಪೆಕ್ಟರು ವಯಸ್ಸಿನಲ್ಲಿ ಚಿಕ್ಕವರು, ಮರ್ಯಾದಸ್ತರು. ನಾನೇ ಮೊದಲು ಕೇಳಿದೆ, "ರೀಬಟನ್ ಹಾಕೋದೇ ತಪ್ಪು ಅಂತಾರಲ್ಲ ಸಾರ್, ಹೌದೇನ್ರಿ?"

"ಯಾರ್ರೀ ಹೇಳಿದ್ದು? ಹಾಕಾಕ ಅಡ್ಡಿ ಇಲ್ಲ. ಆದ್ರ ಒಳಗೆ ಪದರ ಬಿಟ್ಟ ಟೈರು ರೋಡಿಗೆ ಇಳಿಸಬಾರದು, ಅದು ಹೊಸದಾದ್ರೂ ತಪ್ಪೇ. ಮುಂದಿನ ಗಾಲಿಗೆ ಹಾಕಿದ್ದು ಅವರ ಹುಚ್ಚುತನ, ಅದನ್ನ ಬರೀತೀನಿ. ಟೈರು ಮೊದಲೇ ಕೆಟ್ಟಿತ್ತೋ ಇಲ್ಲೋ ಅನ್ನೋದನ್ನ ನೀವು ಹೇಳ್ರಿ. ನಿಮಗಿಂತ ಬಲ್ಲವರು ಯಾರದಾರ ಈ ಜಿಲ್ಲೆದಾಗ?" ಎಂದು ಸಿಡಿದ ಟೈರನ್ನು ನನ್ನ ಮುಂದೆ ಉರುಳಿಸಿದರು.

ನೆಲದ ಮೇಲೆ ಕೂತು ಕೈಯಾಡಿಸಿದೆ. ಸೀಳಿದ ಬಾಯಿಯೊಳಗೆ ಕೈ ಹಾಕಿದರೆ ತಂತಿ ಸಿಕ್ಕಿತು. ಬೆರಳಿಗೆ ತುಕ್ಕು ಅಂಟಿತು, ಹುಡಿ ಹುಡಿಯಾದ ಹಳೆಯ ತುಕ್ಕು. ಅಂಗೈ ಅಗಲದ ಜಾಗದಲ್ಲಿ ರಬ್ಬರಿನ ಅಂಚು ಉಜ್ಜಿ ಉಜ್ಜಿ ನುಣ್ಣಗಾಗಿತ್ತು. ಆ ಪದರ ಬಿಟ್ಟು ಒಂದು ತಿಂಗಳಲ್ಲ, ಆರು ತಿಂಗಳಾದರೂ ಆಗಿದೆ. ನಾನು ಬಡಿದ ದಿನ ಅದು ಅಲ್ಲೇ ಇತ್ತು. ಮೊನ್ನೆ ಕೆಲಸಕ್ಕೆ ಸೇರಿದ ಹುಡುಗನಿಗೂ ಗೊತ್ತಾಗುವಂಥ ಡಬ್ ಅದು.

ನಾನು ಎರಡು ಸಲ ಬಡಿದಿದ್ದೆ.

"ನಾಳೆ ಹೇಳ್ತೀನಿ ಸಾರ್" ಎಂದೆ. ಹಾಳೆ ಜೇಬಿನಲ್ಲೇ ಉಳಿಯಿತು.

ಸೆಪ್ಟೆಂಬರ್ 9, ಮಂಗಳವಾರ

ಜ್ವರ ಎಂದು ಹೇಳಿ ಮನೆಯಲ್ಲಿದ್ದೆ. ಗಂಜಿ.

ಸೆಪ್ಟೆಂಬರ್ 10, ಬುಧವಾರ

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ದುರ್ಗಾಳನ್ನು ನಿಲ್ಲಿಸಿಕೊಂಡೆ. ಆ ನಾಲ್ಕು ಟೈರು ಯಾಕೆ ತೆಗೆದಿಟ್ಟಿದ್ದೆ ಎಂದು ಕೇಳಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಎಂದಿನಂತೆ ಎದುರಿಗೆ ಬಂದು ಹೇಳಿದಳು.

"ನಿಮ್ಮ ಕಿವಿ ಹೋಗೈತಿ, ದೊಡ್ಡಪ್ಪ. ವರ್ಷದ ಮ್ಯಾಲಾತು."

ನಾನು ನಕ್ಕೆ. ಅವಳು ನಗಲಿಲ್ಲ. "ಹಿಂದಿನಿಂದ ಕರೆದ್ರ ನೀವು ತಿರುಗಂಗಿಲ್ಲ. ಅದಕ್ಕ ಎದುರಿಗೆ ಬಂದು ಮಾತಾಡ್ತೀನಿ. ನೀವು ಗೀರು ಹಾಕಿದ್ದನ್ನ ಸೊಲ್ಯೂಶನ್ ಹಚ್ಚೋ ಮುಂಚೆ ನಾ ಇನ್ನೊಂದು ಸಲ ಬಡೀತಿದ್ದೆ. ಡಬ್ ಅಂದದ್ದನ್ನ ಹಿಂದಿನ ಗೋಡೆಗೆ ಒರಗಿಸ್ತಿದ್ದೆ. ಪಂಚಮಿಗೆ ಹೋಗೋವಾಗ ನಾಕು ಹಂಗೇ ಬಿಟ್ಟು ಹೋದೆ, ಸಾಹುಕಾರ್ರಿಗೆ ಹೇಳಬೇಕಿತ್ತು. ಹೇಳಿದ್ರ ನಿಮ್ಮನ್ನ ಮನೀಗೆ ಕಳಿಸ್ತಾರ ಅಂತ ಬಾಯಿ ಮುಚ್ಕೊಂಡೆ. ತಪ್ಪು ನಂದೈತಿ."

ಗೋಡೆಗೆ ಮುಖ ಮಾಡಿ ನಿಂತೆ. ಒಂದು ಗಟ್ಟಿ ಟೈರು, ಒಂದು ಪದರ ಬಿಟ್ಟದ್ದು ಇಟ್ಟು, ಮನಸ್ಸಿಗೆ ಬಂದದ್ದನ್ನು ಬಡಿ ಎಂದೆ. ಅವಳು ಹತ್ತು ಸಲ ಬಡಿದಳು. ನಾನು ಗಟ್ಟಿ, ಕೆಟ್ಟದ್ದು ಎಂದು ಹೇಳುತ್ತಾ ಹೋದೆ.

ಹತ್ತರಲ್ಲಿ ನಾಲ್ಕು ಸರಿ. ನಾಣ್ಯ ಚಿಮ್ಮಿದ್ದರೂ ಐದು ಬರುತ್ತಿತ್ತು.

ಇಷ್ಟು ದಿನ ನಾನು ಫೇಲು ಮಾಡಿದ್ದೆಲ್ಲ ಕಣ್ಣಿಗೆ ಕಂಡ ಗಾಯದ ಟೈರುಗಳು. ಉಳಿದವೆಲ್ಲ ನನಗೆ ಟಣ್ ಎಂದೇ ಕೇಳಿಸಿದವು. ಸುತ್ತಿಗೆ ಎತ್ತಿದ ಕೂಡಲೇ ತಲೆ ತಾನೇ ಹಳೆಯ ಟಣ್ ನುಡಿಸಿಕೊಳ್ಳುತ್ತಿತ್ತೋ ಏನೋ. ಅಲ್ಲೇ ಟೈರಿನ ಮೇಲೆ ಕೂತು ಅತ್ತೆ. ಹೆಂಗಸಿನ ಮುಂದೆ ಅತ್ತದ್ದಕ್ಕೆ ನಾಚಿಕೆಯಾಗಲಿಲ್ಲ. ಅವಳೂ ಅಳುತ್ತಿದ್ದಳು.

ಸೆಪ್ಟೆಂಬರ್ 11, ಗುರುವಾರ

ಬೆಳಗ್ಗೆ ಎದ್ದು ಈ ಡೈರಿಯನ್ನು ಮೊದಲಿನಿಂದ ಓದಿದೆ. ಜೀರುಂಡೆ, ಕುಕ್ಕರ್, ಟಿವಿ, ಗುಬ್ಬಿ. ನಾನೇ ಬರೆದಿದ್ದೇನೆ, ನನಗೇ ಕಂಡಿಲ್ಲ. ನೆಲ ಡೊಂಕು ಎಂದದ್ದು ಹನುಮಂತಪ್ಪ ಅಲ್ಲ, ನಾನು.

ನಿರ್ಮಲಾಗೆ ಹೇಳಿದೆ. "ನನಗ ಗೊತ್ತೈತ್ರಿ" ಎಂದಳು. ಯಾಕೆ ಹೇಳಲಿಲ್ಲ ಎಂದೆ. "ಹೇಳೀನಿ. ಮೂರು ಸಲ ಹೇಳೀನಿ" ಎಂದಳು.

ಓದುವಾಗ ಆಗಸ್ಟ್ 2ರ ಪುಟಕ್ಕೆ ಬಂದು ನಿಂತೆ. 4112ರಿಂದ 4134. ದುರ್ಗಾ ಇಲ್ಲದ ವಾರ. ಉಳಿದ ದಿನಗಳಲ್ಲಿ ನಾನು ಬಿಟ್ಟದ್ದನ್ನು ಅವಳು ಹಿಡಿದಿದ್ದಾಳೆ. ಆ ಇಪ್ಪತ್ಮೂರನ್ನು ಯಾರೂ ಹಿಡಿದಿಲ್ಲ. ಒಂದು ಸಿಡಿದಿದೆ. ಇಪ್ಪತ್ತೆರಡು ಟೈರು ನನ್ನ ಗೀರು ನಂಬಿಕೊಂಡು ಇವತ್ತು ಯಾವ ಯಾವ ರಸ್ತೆಯ ಮೇಲೆ ಓಡುತ್ತಿವೆಯೋ.

ಕೊಟ್ಟೂರೇಶನಿಗೆ ಎಲ್ಲವನ್ನೂ ಹೇಳಿ ಅವನು ಕೊಟ್ಟ ಹಾಳೆಯನ್ನು ಅವನ ಮುಂದೆಯೇ ಹರಿದೆ. ಕೆಂಡವಾದ. ಬಾಯಿ ಆಡುವುದು ಕಾಣುತ್ತಿತ್ತು, ಅರ್ಧ ಕೇಳಿಸಲಿಲ್ಲ, ಅದೊಂದು ಪುಣ್ಯ. ಕಡೆಗೆ ಹತ್ತಿರ ಬಂದು, "ಗಿರಾಕಿ ಮನೀಗೆ ಹೋಗಿ ನಮ್ಮ ಟೈರು ಕೆಟ್ಟೈತೆ ಬಿಚ್ರಿ ಅಂದ್ರ ನಾಳೆ ಅಂಗಡಿಗೆ ಯಾರ್ರೀ ಬರ್ತಾರ?" ಎಂದ.

"ನಿಮ್ಮಪ್ಪಾರಿದ್ರ ನಿನ್ನೆನೇ ಹೊರಡ್ತಿದ್ರು" ಎಂದೆ. ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಸ್ವಲ್ಪ ಹೊತ್ತಿನ ಮೇಲೆ ಗಿರಾಕಿಗಳ ರಿಜಿಸ್ಟರ್ ತಂದು ಟೇಬಲ್ ಮೇಲೆ ಕುಕ್ಕಿ ಹೋದ.

ಸೆಪ್ಟೆಂಬರ್ 12, ಶುಕ್ರವಾರ

ಬ್ರೇಕ್ ಇನ್‌ಸ್ಪೆಕ್ಟರಿಗೆ ನನ್ನ ಕೈಯಲ್ಲೇ ಬರೆದುಕೊಟ್ಟೆ: ಟೈರಿನ ಪದರ ಮೊದಲೇ ಬಿಟ್ಟಿತ್ತು, ನನಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ, ಗೊತ್ತಾಗದೆ ಪಾಸು ಮಾಡಿದೆ. ಓದಿ, ನನ್ನನ್ನೇ ನೋಡಿ, "ಇದರಿಂದ ನಿಮಗೂ ತೊಂದ್ರಿ ಆಗಬಹುದು" ಎಂದು ನಿಧಾನಕ್ಕೆ, ಬಾಯಿ ಕಾಣುವಂತೆ ಹೇಳಿದರು. ಆಗಲಿ ಎಂದೆ.

ರಿಜಿಸ್ಟರ್ ನೋಡಿ ಗಿರಾಕಿಗಳನ್ನು ಹುಡುಕಿಕೊಂಡು ಹೋದೆವು, ಇಪ್ಪತ್ತೆರಡರಲ್ಲಿ ಇವತ್ತು ನಾಲ್ಕು ಟೈರು ಸಿಕ್ಕವು. ಗಾಲಿಯಿಂದ ಬಿಚ್ಚಿಸಿ ಬಡಿಯಬೇಕು. ದುರ್ಗಾ ಬಡಿಯುತ್ತಾಳೆ, ನಾನು ಸೀಮೆಸುಣ್ಣ ಹಿಡಿದು ಅವಳ ಮುಖ ನೋಡುತ್ತೇನೆ. ಮೂರು ಗಟ್ಟಿ. ಒಂದು ಕೆಟ್ಟದ್ದು.

ಸೆಪ್ಟೆಂಬರ್ 17, ಬುಧವಾರ

ಒಟ್ಟು ಹದಿಮೂರು. ಕೆಟ್ಟವು ಮೂರು.

ಒಬ್ಬ ಲಾರಿ ಮಾಲೀಕ ಬೈದ. ಒಬ್ಬ ಚಹಾ ಕೊಡಿಸಿದ. ಕರಿಯಣ್ಣ ಎಂಬ ಡ್ರೈವರ್ ಕೆಟ್ಟ ಟೈರು ಬಿಚ್ಚಿದ ಮೇಲೆ ಅದರ ಪಕ್ಕ ಕೂತುಬಿಟ್ಟ. ಅದೇ ಸಂಜೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಊರಿಗೆ ಹೊರಟವನಿದ್ದನಂತೆ.

ಸೆಪ್ಟೆಂಬರ್ 20, ಶನಿವಾರ

ಇಪ್ಪತ್ತೊಂದು ಸಿಕ್ಕವು. ಐದು ಕೆಟ್ಟವು. ಕೆಟ್ಟದ್ದಕ್ಕೆಲ್ಲ ಕೊಟ್ಟೂರೇಶ್ ಬೇರೆ ಟೈರು ಕೊಟ್ಟ, ಮುಖ ಗಂಟು ಹಾಕಿಕೊಂಡೇ ಕೊಟ್ಟ. ಉಳಿದದ್ದು 4131 ಒಂದೇ. ಪಂಚಮಿ ವಾರ ನಾನು ಫೇಲ್ ರಾಶಿಯಿಂದ ಎತ್ತಿದ ನಾಲ್ಕರಲ್ಲಿ ಅದೂ ಒಂದು. ಗಿರಾಕಿ ಲಾರಿಯನ್ನೇ ಮಾರಿಬಿಟ್ಟಿದ್ದಾನೆ. ಕೊಂಡವನ ಫೋನ್ ಸ್ವಿಚ್ ಆಫ್. ಬಳ್ಳಾರಿ ಕಡೆಯವನು, ಮೆಕ್ಕೆಜೋಳದ ಸೀಜನ್ನಿಗೆ ದಾವಣಗೆರೆಗೆ ಬರುತ್ತಾನೆ ಎಂದಷ್ಟೇ ಗೊತ್ತು. ಲಾರಿ ನಂಬರನ್ನು ಪೊಲೀಸರಿಗೂ ಕೊಟ್ಟಿದ್ದೇನೆ.

ಸಾರಥಿಗೆ ಹೋಗಿದ್ದೆ. ಹನುಮಂತಪ್ಪ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದ. ಎಲ್ಲವನ್ನೂ ಹೇಳಿದೆ. ತಪ್ಪಾಯಿತು ಎಂದು ಕಾಲು ಮುಟ್ಟಲು ಹೋದರೆ ಕೈ ಹಿಡಿದ. ನನ್ನ ಕಿವಿಯ ಹತ್ತಿರ ಬಾಯಿ ತಂದು ಕೂಗಿದ, "ಮುಂದ ಹಾಕಿದ್ದು ನಂದೂ ತಪ್ಪೈತಣ್ಣ. ನಿನ್ನ ಮ್ಯಾಲೆ ಸಿಟ್ಟು ಬರಬೇಕು, ಬರವಲ್ದು. ಆದ್ರ ಇನ್ನ ಮ್ಯಾಲೆ ಲಾರಿ ಹತ್ತಾಕ ಹೆದರಿಕಿ ಬರತೈತಿ."

ಅವನ ಕಾಲು ಕೂಡಬಹುದು. ಆ ಹೆದರಿಕೆಗೆ ನಾನೇನು ಕಟ್ಟು ಹಾಕಲಿ?

ಅಕ್ಟೋಬರ್ 1, ಬುಧವಾರ

ಆಯುಧಪೂಜೆ. ಪ್ರತಿ ವರ್ಷ ನನ್ನ ಸುತ್ತಿಗೆಗೆ ನಾನೇ ಕುಂಕುಮ ಹಚ್ಚುತ್ತಿದ್ದೆ. ಈ ಸಲ ಹಚ್ಚಿ, ಎತ್ತಿ, ದುರ್ಗಾಳ ಕೈಗೆ ಕೊಟ್ಟೆ. ಅವಳು ಹಿಂದೆ ಸರಿದಳು. ಕೊಟ್ಟೂರೇಶ್, "ತಗಾಳವ್ವ, ಇನ್ನ ನಿಂದೇ ಕೆಲಸ" ಎಂದ. ಬೆಂಗಳೂರಿನಿಂದ ಟೈರು ನೋಡುವ ಮಿಷಿನ್ ತರಿಸುತ್ತಾನಂತೆ. ಬರಲಿ. ಅಲ್ಲಿಯ ತನಕ ಇಬ್ಬರು ಬಡಿಯಬೇಕು, ಒಬ್ಬರ ಗೀರನ್ನು ಇನ್ನೊಬ್ಬರು ನಂಬಬಾರದು ಎಂದು ಗೋಡೆಗೆ ಬರೆಸಿದ್ದೇವೆ.

ನನ್ನ ಕಿವಿಗೆ ಡಾಕ್ಟರು ಮಿಷಿನ್ ಹಾಕಿದ್ದಾರೆ. ಸಂಜೆ ಜೀರುಂಡೆ ಕೇಳಿಸಿತು. ಸತ್ತಿರಲಿಲ್ಲ.

ಹೋಳಿಗೆ ಅರ್ಧ.

ಅಕ್ಟೋಬರ್ 13, ಸೋಮವಾರ

ಇವತ್ತಿಗೆ ಎಂಟನೇ ದಿನ. ಬೆಳಗ್ಗೆ ಆರಕ್ಕೆ ಎಪಿಎಂಸಿ ಗೇಟಿನ ಹತ್ತಿರ ಬಂದು ಕೂರುತ್ತೇನೆ. ಮೆಕ್ಕೆಜೋಳದ ಲಾರಿಗಳು ಇಲ್ಲಿ ಸಾಲಾಗಿ ತೆವಳುತ್ತವೆ, ಟೈರಿನ ನಂಬರ್ ಓದಲು ಆಗುತ್ತದೆ. ಕಿವಿಯ ಮಿಷಿನ್ ಈ ಗಲಾಟೆಯಲ್ಲಿ ಕೀ ಎನ್ನುತ್ತದೆ, ತೆಗೆದಿಡುತ್ತೇನೆ. ಅದಕ್ಕೆ ನಿರ್ಮಲಾ ಜೊತೆಗೆ ಬರುತ್ತಾಳೆ. ರಸ್ತೆ ಬದಿಯಲ್ಲಿ ನಿಮ್ಮೊಬ್ಬರನ್ನೇ ಬಿಡುವುದಿಲ್ಲ ಎಂದು ಮೊದಲ ದಿನವೇ ಜಗಳ ಮಾಡಿ ಬಂದಳು. ಛತ್ರಿ ಬಿಡಿಸಿ ಬೆನ್ನಿಗೆ ಬೆನ್ನು ಹಚ್ಚಿ ಕೂರುತ್ತಾಳೆ. ಹಿಂದಿನಿಂದ ಲಾರಿ ಬಂದರೆ ನನ್ನ ತೋಳು ಒತ್ತುತ್ತಾಳೆ. ನಾನು ಗಾಲಿ ನೋಡುತ್ತೇನೆ.

ಡ್ರೈವರುಗಳು ನಮ್ಮನ್ನು ಹುಚ್ಚು ಮುದುಕ ಮುದುಕಿ ಎನ್ನುತ್ತಾರಂತೆ. ಕೆಲವರು ಮಾತ್ರ ಗೇಟಿನಲ್ಲಿ ತಾವೇ ನಿಲ್ಲಿಸಿ, ನಮ್ಮದೂ ನೋಡಿ ಯಜಮಾನ್ರೇ ಎಂದು ಕೆಳಗಿಳಿಯುತ್ತಾರೆ. ನೋಡುತ್ತೇನೆ, ಆದರೆ ಗಟ್ಟಿ ಇದೆ ಎಂದು ಯಾರಿಗೂ ಹೇಳುವುದಿಲ್ಲ.

ಇವತ್ತು ನೂರಾ ನಲವತ್ತು ಲಾರಿ. 4131 ಬರಲಿಲ್ಲ.

ಎರಡು ರೊಟ್ಟಿ, ಶೇಂಗಾ ಚಟ್ನಿ. ಒಂದು ರೊಟ್ಟಿ ನಿರ್ಮಲಾಗೆ. ನಾಳೆ ಐದೂವರೆಗೇ ಹೊರಡಬೇಕು.